ನೀಲಕ್ಕನ ಪ್ರತಿಜ್ಞಾಭಂಗ

ಸಕಲಧಾನ್ಯಸಂರಕ್ಷಿಣಿಯೇ, ಕಣಜ-ಗಡಿಗೆ-ಡಬ್ಬಿನಿವಾಸಿನಿಯೇ, ಬೀಸುಕಲ್ಲಿನ ಕಾಲದಿಂದ ಕರೆಂಟಿನ ಕಾಲದವರೆಗೆ ನಮ್ಮೆಲ್ಲರ ಹೊಟ್ಟೆಯನ್ನು ಕಾಪಾಡಿಕೊಂಡು ಬಂದ ತಾಯಿ ಅನ್ನಪೂರ್ಣೆಯೇ, ಈ ಬಡ ಕಥಕನ ನಾಲಗೆಯ ಮೇಲೆ ಒಂದು ಗಳಿಗೆ ಕುಳಿತುಕೋ. ಗಾಡಿಯವ ಮಿರ್ಚಿ ಭಜಿಯನ್ನು ಇನ್ನೂ ಹಳೆಯ ಪೇಪರಿನಲ್ಲೇ ಕಟ್ಟಿಕೊಡುತ್ತಿದ್ದ, ಆದರೆ ಆ ಗಾಡಿಗೂ ಜನ ಫೋನಿನಲ್ಲಿ ಸ್ಟಾರ್ ಕೊಡಲು ಶುರುಮಾಡಿದ್ದ ಸಂಧಿಯುಗದಲ್ಲಿ, ಧಾರವಾಡದ ಕಂಚಗಾರ ಓಣಿಯಿಂದ ಹೊರಟು, ಐದು ಕಿಲೋ ಗೋಧಿಯ ಡಬ್ಬಿಯನ್ನು ಬಗಲಲ್ಲಿಟ್ಟುಕೊಂಡು ಶತ್ರುದುರ್ಗವನ್ನು ಹೊಕ್ಕ ವೀರಮಾತೆಯ ಚರಿತ್ರೆಯನ್ನು ಹೇಳುತ್ತೇನೆ. ಕೇಳುವವರು ಕುಳಿತು ಕೇಳಿ. ಒಲೆಯ ಮೇಲೆ ಹಾಲಿಟ್ಟು ಬಂದವರಿದ್ದರೆ ಹೋಗಿ ಆರಿಸಿ ಬನ್ನಿ, ನಾನು ಕಾಯುತ್ತೇನೆ.

ಆಕೆಯ ಹೆಸರು ನೀಲಾಂಬಿಕಾ ಕೌಜಲಗಿ. ಓಣಿಯ ಬಾಯಲ್ಲಿ ನೀಲಕ್ಕ. ನಿಖಿಲ-ವಿಪಣಿ-ಗುಣದೋಷ-ವಿವೇಚನಾ-ಧುರಂಧರೆಯೆಂದು ಆಕೆಗೆ ಯಾರೂ ಬಿರುದು ಕೊಟ್ಟಿರಲಿಲ್ಲ, ಆಕೆಯೇ ಇಟ್ಟುಕೊಂಡಿದ್ದಳು. ಕುಪ್ಪಸದ ತೋಳನ್ನು ನೆಟ್ಟಗೆ ಕೂರಿಸುವ ದರ್ಜಿ ಯಾರು, ಕಾದ ಎಣ್ಣೆಯನ್ನೇ ಮತ್ತೆ ಕಾಯಿಸದ ಭಜಿ ಗಾಡಿ ಯಾವುದು, ಕುಕ್ಕರಿನ ಸೀಟಿ ಕೇಳಿದರೆ ಹೊಸ ಕುಕ್ಕರನ್ನೇ ತಲೆಗೆ ಕಟ್ಟುವ ಅಂಗಡಿ ಯಾವುದು, ಇಸ್ತ್ರಿಗೆ ಕೊಟ್ಟ ಸೀರೆಯನ್ನು ತನ್ನ ಹೆಂಡತಿಗೆ ಒಂದು ದಿನ ಉಡಿಸಿ ಕಳಿಸುವ ಮಹಾನುಭಾವ ಯಾವನು, ಇವೆಲ್ಲ ಆಕೆಯ ನಾಲಗೆಯ ತುದಿಯಲ್ಲಿದ್ದವು. ತೀರ್ಪು ಒಂದೇ ವಾಕ್ಯದ್ದು, ಅಪೀಲಿಗೆ ಅವಕಾಶವಿಲ್ಲ.

ಅವಕಾಶವಿದ್ದದ್ದು ಎದುರುಮನೆಯಲ್ಲಿ ಮಾತ್ರ. ಅಲ್ಲಿ ವತ್ಸಲಾಬಾಯಿ ಇನಾಮದಾರ ಎಂಬ ಪ್ರತಿಪಕ್ಷ-ಪಾಂಡಿತ್ಯ-ಪ್ರಚಂಡೆ ವಾಸವಾಗಿದ್ದಳು. ನೀಲಕ್ಕ ಯಾವ ಅಂಗಡಿಯನ್ನು ಹೊಗಳಿದರೆ ಆ ಅಂಗಡಿಯಲ್ಲಿ ಆಕೆಗೆ ಅಂದೇ ಹುಳ ಸಿಗುತ್ತಿತ್ತು. ಇಬ್ಬರೂ ಇಪ್ಪತ್ತಾರು ವರ್ಷ ಎದುರುಬದುರು ಬದುಕಿ, ಹಬ್ಬಕ್ಕೆ ಕೋಸಂಬರಿ ಕೊಟ್ಟು ತೆಗೆದುಕೊಂಡು, ಒಮ್ಮೆಯೂ ಒಂದೇ ಕಡೆ ಉಪ್ಪು ಕೊಂಡವರಲ್ಲ.

ಈಚೆಗೆ ಮಾತ್ರ ನೀಲಕ್ಕನ ಕಟ್ಟೆಯ ಬಳಿ ಕೇಳುವವರು ಕಡಿಮೆಯಾಗಿದ್ದರು. ಮನೆಯಲ್ಲಿ ಗಂಡನಿದ್ದ, ಆದರೆ ಆತ ಆಕೆಯ ಅಭಿಪ್ರಾಯಗಳನ್ನು ಕೇಳಿಸಿಕೊಂಡದ್ದುಂಟು, ಕೇಳಿದ್ದಿಲ್ಲ. "ನೀಲಕ್ಕಾರ, ಇದನ್ನ ಎಲ್ಲಿ ತಗೊಳ್ಳೂಣ್ರಿ?" ಎಂಬ ಒಂದು ಪ್ರಶ್ನೆಗಾಗಿ ಆಕೆ ದಿನಾ ಬೆಳಿಗ್ಗೆ ಕಟ್ಟೆಗೆ ಬಂದು ಕೂರುತ್ತಿದ್ದಳು, ಮತ್ತು ಏಳು ತಿಂಗಳಿನಿಂದ ಆ ಪ್ರಶ್ನೆ ಬಂದಿರಲಿಲ್ಲ. ಇದನ್ನು ಹೇಳುವಾಗ ನನಗೂ ಸ್ವಲ್ಪ ಸಂಕಟವಾಗುತ್ತದೆ.

ಹೀಗಿರುವಾಗ ಬ್ಯಾಂಕಿನ ಕೆಲಸಕ್ಕೆಂದು ಹಾಸನದ ಕಡೆಯಿಂದ ವರ್ಗವಾಗಿ ಬಂದ ಮೇಘಶ್ರೀ ಎಂಬ ಹುಡುಗಿ ಮೂರನೇ ಮನೆಗೆ ಬಾಡಿಗೆಗೆ ಬಂದಳು. ಬಂದ ನಾಲ್ಕನೇ ದಿನ ಕಟ್ಟೆಯ ಮುಂದೆ ನಿಂತು, "ಆಂಟಿ, ಗೋಧಿ ಹಿಟ್ಟು ಮಾಡಿಸ್ಬೇಕಿತ್ತು. ಇಲ್ಲಿ ಯಾವ ಮಿಲ್ ಚೆನ್ನಾಗಿದೆ?" ಎಂದು ಕೇಳಿದಳು.

ನೀಲಕ್ಕನ ಕಣ್ಣು ತೇವವಾಯಿತು. ಆದರೆ ದನಿ ಗಡುಸಾಗಿಯೇ ಇತ್ತು. "ಗಿರಣಿ ಅಂದ್ರ ಮಡಿವಾಳಪ್ಪಂದು, ತಂಗಿ. ಕೆಳಗಿನ ಓಣ್ಯಾಗ ಫಕೀರಪ್ಪ ಅಂತ ಒಬ್ಬ ಇದಾನ, ಅವನ ಹಿಟ್ಟು ಆಕಳಾ ಸೈತ ಮೂಸಂಗಿಲ್ಲ. ನಾ ಸತ್ತರೂ ಅವನ ಮೆಟ್ಟಲಾ ತುಳಿಯಾಕಿ ಅಲ್ಲ!"

ಎದುರಿನ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದ ವತ್ಸಲಾಬಾಯಿ ತಲೆಯೆತ್ತದೆ ಬಾಣ ಬಿಟ್ಟಳು: "ಮಡಿವಾಳಪ್ಪನ ಹಿಟ್ಟಿನ್ಯಾಗ ಉಸುಕು ಬರ್ತದವಾ, ಹಲ್ಲು ನೋಡ್ಕೋ. ಫಕೀರಪ್ಪನ ಕಲ್ಲು ದೇವರಮನಿ ಇದ್ದಂಗ. ಹಿಂದಿನವರ ಹಿಟ್ಟು ಒಂದು ಚಿಟಿಕೀನೂ ಉಳಿಯೂದಿಲ್ಲ."

ಹುಡುಗಿ ಎರಡೂ ಕಡೆ ನಕ್ಕು ಹೋದಳು. ನೀಲಕ್ಕನ ಕಡೆಗೆ ನಕ್ಕ ನಗು ಒಂದು ಎಳೆ ದೊಡ್ಡದಾಗಿತ್ತೆಂದು ನೀಲಕ್ಕನ ಲೆಕ್ಕ. ಆ ಒಂದು ಎಳೆಯ ಮೇಲೆ ಆಕೆ ಎಂಟು ದಿನ ಸುಖವಾಗಿ ಬದುಕಿದಳು.

ಒಂಬತ್ತನೆಯ ದಿನ ವಿಧಿ ವಕ್ರವಾಯಿತು. ಮರುದಿನ ಬೆಳಗಾವಿಯಿಂದ ಬೀಗರು ಬರುವವರಿದ್ದರು. ಮಗಳ ಮದುವೆಯಾದ ಮೇಲೆ ಇದೇ ಮೊದಲ ಸಲ. ಹೋಳಿಗೆ ಆಗಲೇಬೇಕು, ಹೋಳಿಗೆಗೆ ಕಣಕ ಬೇಕು, ಕಣಕಕ್ಕೆ ಹಿಟ್ಟು ಬೇಕು, ಡಬ್ಬಿಯಲ್ಲಿದ್ದದ್ದು ತಳ. ಮಡಿವಾಳಪ್ಪನ ಗಿರಣಿಗೆ ಹೋದರೆ ಮುಚ್ಚಿದ ಬಾಗಿಲ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿತ್ತು: ಕಲ್ಲು ಕಟಿಯೋ ಕೆಲಸ ಐತಿ. ಗುರುವಾರ ಬರ್ರಿ. ಸವೆದ ಬೀಸುಕಲ್ಲಿಗೆ ಉಳಿಯಿಂದ ಹೊಸ ಗೀರು ಹಾಕುವ ಕೆಲಸವದು. ಅಂದು ಮಂಗಳವಾರ.

ಆಗ ನೀಲಾಂಬಿಕೆಯು, ಪ್ರತಿಜ್ಞೆಯೊಂದು ಕಡೆ, ಬೀಗರೊಂದು ಕಡೆ ಎಳೆಯಲು, ಬಿಸಿಲಿಗೆ ಓಣಿಯೆಲ್ಲ ಬಾಗಿಲು ಹಾಕಿ ಮಲಗಿದ್ದ ಮಧ್ಯಾಹ್ನದ ಮೂರು ಗಂಟೆಯ ಮುಹೂರ್ತದಲ್ಲಿ, ಇಳಕಲ್ ಸೆರಗೆಂಬ ಅಭೇದ್ಯಕವಚವನ್ನು ತಲೆಯಿಂದ ಡಬ್ಬಿಯವರೆಗೆ ಹೊದ್ದು, ಹವಾಯಿ ಚಪ್ಪಲಿಯ ಪಟಪಟಧ್ವನಿಯನ್ನು ಬೆರಳುಗಳಿಂದ ಅದುಮಿ ಹಿಡಿದು, ನಡುವೆ ಕಂಡ ಒಂದು ನಾಯಿಗೂ ಮುಖ ಮರೆಸಿ, ಹಿಂದಿನ ಸಂದಿಯಿಂದ ನುಸುಳಿ ಫಕೀರಪ್ಪನ ಗಿರಣಿಯ ಮೂರು ಮೆಟ್ಟಿಲುಗಳನ್ನು ತುಳಿದಳು. ಒಳಗೆ ಬೆಲ್ಟು ತಿರುಗುತ್ತಿತ್ತು. ಬಾಯಿಗೆ ಟವೆಲ್ ಕಟ್ಟಿಕೊಂಡ ಫಕೀರಪ್ಪ ತಲೆಯಿಂದ ಪಾದದವರೆಗೆ ಬೆಳ್ಳಗಾಗಿದ್ದ. ಯಾವನೋ ಒಬ್ಬ ಸಜ್ಜೆಯ ಹಿಟ್ಟಿನ ಚೀಲ ಹೊತ್ತು ಆಗ ತಾನೇ ಹೊರಬಿದ್ದ.

ಬೆಂಚಿನ ಮೇಲೆ ವತ್ಸಲಾಬಾಯಿ ಕುಳಿತಿದ್ದಳು. ಮಡಿಲಲ್ಲಿ ಡಬ್ಬಿ, ಡಬ್ಬಿಯಲ್ಲಿ ಗೋಧಿ.

"ಅಯ್ಯ, ನೀಲಕ್ಕಾ! ಹಾದಿ ತಪ್ಪಿ ಬಂದ್ರೇನು?"

"ಮಡಿವಾಳಪ್ಪ ಕಲ್ಲು ಕಟಿಯಾಕ ಹಚ್ಯಾನ್ರೀ ಬಾಯಾರ. ನಾಳೆ ಬೀಗರು ಬರ್ತಾರ."

"ಬರಲಿ, ಬರಲಿ. ನಮ್ಮ ಗಿರಣಿಗೆ ಹೊಸಬ್ರು ನೀವು. ನೀವ ಮೊದಲ ಹಾಕ್ರಿ."

ಗಿರಣಿಯ ಶಾಸ್ತ್ರ ತಿಳಿಯದವರು ಇದನ್ನು ಸೌಜನ್ಯವೆಂದುಕೊಂಡಾರು. ಒಬ್ಬರ ಕಾಳು ಬೀಸಿ ಮುಗಿದ ಮೇಲೂ ಆ ಹಿಟ್ಟು ಒಂದಿಷ್ಟು ಕಲ್ಲಿನಲ್ಲಿ ಉಳಿದಿರುತ್ತದೆ. ಮುಂದೆ ಯಾರು ಹಾಕುತ್ತಾರೋ ಅವರ ಡಬ್ಬಿಗೆ ಅದು ಬೀಳುತ್ತದೆ. ಈಗ ಬೀಸಿದ್ದು ಸಜ್ಜೆ. ಮೊದಲು ಹಾಕಿದವಳ ಗೋಧಿಹಿಟ್ಟು ಬೂದುಬಣ್ಣಕ್ಕೆ ತಿರುಗುವುದು ಖಂಡಿತ, ಬೀಗರ ಎಲೆಯ ಮೇಲಿನ ಹೋಳಿಗೆ ಕಪ್ಪಿಡುವುದೂ ಖಂಡಿತ. ಇದು ನೀಲಕ್ಕನಿಗೂ ಗೊತ್ತಿತ್ತು, ವತ್ಸಲಾಬಾಯಿಗೂ ಗೊತ್ತಿತ್ತು.

"ಛೇ ಛೇ, ಹಿರೇರು ನೀವು. ನಿಮ್ಮದ ಮೊದಲ ಆಗ್ಲಿ," ಎಂದಳು ನೀಲಕ್ಕ.

"ಎರಡು ತಿಂಗಳಿಗೆ ಎಂಥಾ ಹಿರೇತನರೀ? ನಿಮಗ ಅವಸರ ಅದ, ನೀವ ಹಾಕ್ರಿ."

"ಏನೂ ಅವಸರ ಇಲ್ರೀ. ನಾ ಸಂಜೀತನಕ ಕುಂದರ್ತೇನಿ."

"ನಾನೂ ಮನ್ಯಾಗ ಹೇಳೇ ಬಂದೀನಿ."

ಹೀಗೆ ವಿನಯವೇ ಆಯುಧವಾಗಿ, ಒಬ್ಬರ ಮೇಲೊಬ್ಬರು ಮರ್ಯಾದೆಯ ಮಳೆಗರೆಯುತ್ತಿರಲು, ಕಡೆಗೆ ನೀಲಾಂಬಿಕೆಯು ಬೆಂಚಿನಿಂದೆದ್ದು ಸೆರಗನ್ನು ಸೊಂಟಕ್ಕೆ ಬಿಗಿದು ವೀರವಾಣಿಯನ್ನು ನುಡಿದಳು. ಆಸ್ಥಾನಕವಿಗಳ ಬಾಯಲ್ಲಾದರೆ ಅದು ಹೀಗಿರುತ್ತಿತ್ತು: "ಎಲೌ ಇನಾಮದಾರಕುಲ-ಗೃಹಿಣೀಶಿರೋಮಣಿಯೇ! ಯಾವ ಶಿಲಾಯುಗ್ಮದ ನಿರ್ಮಲತೆಯನ್ನು ದಿಗ್ದಿಗಂತಗಳಲ್ಲಿ ಸಾರಿದೆಯೋ, ಆ ಶಿಲೆಗೆ ನಿನ್ನ ಗೋಧೂಮವನ್ನೇ ಮೊದಲು ಅರ್ಪಿಸಿ ನಿನ್ನ ಮಾತಿನ ಸತ್ಯವನ್ನು ಸ್ಥಾಪಿಸು, ಇಲ್ಲವೇ ಸೋಲೊಪ್ಪಿ ಶಿರಬಾಗು!" ಆಕೆ ಅಂದದ್ದು ಇಷ್ಟು: "ಒಂದ ಚಿಟಿಕೀನೂ ಉಳಿಯಂಗಿಲ್ಲ ಅಂತ ಡಂಗುರಾ ಹೊಡದ್ರಲ್ಲ, ಹಂಗಾರ ಹಾಕ್ರಲ್ಲ ನೋಡೂಣು!"

ವತ್ಸಲಾಬಾಯಿಯೂ ಎದ್ದಳು. "ಆಕಳ ಮೂಸೂದಿಲ್ಲ ಅಂದವ್ರು ಯಾರು? ಅಂಥಾ ಹಿಟ್ಟು ಬೀಗರಿಗೆ ತಿನ್ನಸ್ತೀರೇನು?"

ಎರಡೂ ಬಾಣಗಳು ಗುರಿಮುಟ್ಟಿದವು. ಇಬ್ಬರೂ ಮತ್ತೆ ಕುಳಿತರು. ಡಬ್ಬಿಗಳು ಮಡಿಲಲ್ಲೇ ಇದ್ದವು.

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದವಳು ಮೇಘಶ್ರೀ, ಕೈಯಲ್ಲೊಂದು ಬಟ್ಟೆಯ ಚೀಲ. ನೀಲಕ್ಕನನ್ನು ಕಂಡವಳೇ ನಾಲಗೆ ಕಚ್ಚಿಕೊಂಡಳು. "ಅಯ್ಯೋ ಆಂಟಿ, ಸಾರಿ. ಇವತ್ತು ರಜ ಇತ್ತು, ಮಡಿವಾಳಪ್ಪನವ್ರದ್ದು ನೋಡಿದ್ರೆ ಬಾಗಿಲು ಹಾಕಿತ್ತು. ನಿಮಗೆ ಗೊತ್ತಾದ್ರೆ ಬೇಜಾರಾಗುತ್ತೆ ಅಂತ ಹಿಂದಿನ ಗಲ್ಲಿಯಿಂದ ಬಂದೆ."

ಆಮೇಲೆ ಅವಳ ಕಣ್ಣು ನೀಲಕ್ಕನ ಮಡಿಲ ಮೇಲಿನ ಡಬ್ಬಿಗೆ ಬಿತ್ತು. ಒಳ್ಳೆಯ ಮನೆಯ ಹುಡುಗಿ, ಏನೂ ಕೇಳಲಿಲ್ಲ. ನೀಲಕ್ಕನಿಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಏಳು ತಿಂಗಳಲ್ಲಿ ತನ್ನನ್ನು ಕೇಳಿದ್ದವಳು ಇವಳೊಬ್ಬಳೇ, ಈಗ ಇವಳೂ ಇನ್ನು ಕೇಳಲಿಕ್ಕಿಲ್ಲ.

"ನಂದು ಬರೀ ಎರಡು ಕೆಜಿ. ನೀವಿಬ್ರೂ ಮಾತಾಡ್ತಾ ಇದ್ದೀರಲ್ಲ, ನಾನು ಹಾಕಿಸ್ಕೊಂಡ್ಬಿಡ್ಲಾ?" ಎಂದಳು ಹುಡುಗಿ.

"ಹಾಕವಾ, ಹಾಕು," ಎಂದಳು ವತ್ಸಲಾಬಾಯಿ, ಬಾಯಲ್ಲಿ ಬೆಲ್ಲವಿಟ್ಟುಕೊಂಡು.

ನೀಲಕ್ಕ ಸುಮ್ಮನಿದ್ದಳು. ಸುಮ್ಮನಿದ್ದರೆ ಸಜ್ಜೆ ಈ ಹುಡುಗಿಯ ಪಾಲಿಗೆ ಹೋಗುತ್ತದೆ, ತನ್ನ ಹೋಳಿಗೆ ಬೆಳ್ಳಗೆ ಉಳಿಯುತ್ತದೆ, ಅಷ್ಟೇ ಅಲ್ಲ, ಫಕೀರಪ್ಪನ ಹಿಟ್ಟು ಕೆಟ್ಟದ್ದೆಂಬ ತನ್ನ ಮಾತೂ ನಿಜವಾಗುತ್ತದೆ. ಒಂದೇ ಮೌನಕ್ಕೆ ಮೂರು ಲಾಭ. ಮೇಘಶ್ರೀ ಚೀಲದ ಬಾಯಿ ಬಿಚ್ಚಿದಳು. "ನಿಮಗೆ ಬೇಜಾರಾಗುತ್ತೆ" ಎಂದಿದ್ದಳಲ್ಲ, ಆ ಮಾತು ನೀಲಕ್ಕನ ಎದೆಯಲ್ಲಿ ಸುಮ್ಮನೆ ಕೂರಲಿಲ್ಲ.

"ತಡೀ!"

ಗಿರಣಿ ನಡುಗಿತೆಂದು ಬೇರೆ ಕಥಕರು ಹೇಳಿಯಾರು. ಅದು ಮೊದಲೇ ನಡುಗುತ್ತಿತ್ತು. ನೀಲಾಂಬಿಕೆ, ಆ ತ್ಯಾಗಧನೆ, ಆ ಸ್ವಪ್ರತಿಷ್ಠಾ-ಸಮಿಧಾ-ಹೋತ್ರಿ, ಡಬ್ಬಿಯ ಮುಚ್ಚಳ ತೆಗೆದು, ಮೆಷಿನ್ನಿನ ಬಾಯಿಗೆ ತನ್ನ ಗೋಧಿಯನ್ನು ಸುರಿಯತೊಡಗಿದಳು. "ಮೊದಲ ನಂದು ಬೀಸು, ಫಕೀರಪ್ಪಾ. ಸಜ್ಜಿ ನನ್ನ ಹಿಟ್ಟಿಗೇ ಬರಲಿ. ತಂಗಿ, ಈ ಮೆಟ್ಟಲಾ ತುಳಿಯಂಗಿಲ್ಲ ಅಂತ ಹೇಳಿದಾಕಿ ನಾನ, ತುಳಿದಾಕೀನೂ ನಾನ. ನೀ ಇನ್ನ ಯಾರನ್ನ ಬೇಕಾದ್ರೂ ಕೇಳು."

ವತ್ಸಲಾಬಾಯಿ ನೆಲ ನೋಡಿದಳು.

ಫಕೀರಪ್ಪ ಬಾಯಿಯ ಟವೆಲ್ ಸಡಿಲಿಸಿದ. "ಯಾವ ಸಜ್ಜಿರೀ ಅಕ್ಕಾರ? ನೀವಿಬ್ಬರೂ 'ನೀವ ಮೊದಲ, ನೀವ ಮೊದಲ' ಅನ್ನೂದರಾಗ ನಾ ನನ್ನವ ಎರಡ ಹಿಡಿ ಗೋಧಿ ಹಾಕಿ ಕಲ್ಲು ಸ್ವಚ್ಛ ಮಾಡೇನ್ರೀ. ಸಜ್ಜಿ ಹೋಗಿ ಕಾಲು ತಾಸಾತು."

ಹಿಟ್ಟು ಬಿತ್ತು. ಬೆಳ್ಳಗಿತ್ತು. ಇಬ್ಬರು ಮಹಾರಥೆಯರು ಒಂದು ಹೊತ್ತು ಹೋರಾಡಿದ್ದ ಸಾಮ್ರಾಜ್ಯದ ಒಟ್ಟು ವಿಸ್ತೀರ್ಣ ಎರಡು ಹಿಡಿ. ಅದೂ ಆಗಲೇ ಮೂಲೆಯ ಬುಟ್ಟಿಯಲ್ಲಿ, ಯಾರದೋ ಎಮ್ಮೆಯ ಪಾಲಿಗೆ ಕುಳಿತಿತ್ತು.

ಮರುದಿನ ಬೀಗರು ಬಂದರು. ಬೆಳಿಗ್ಗೆ ಕಣಕ ನಾದುವಾಗಿನಿಂದಲೂ ನೀಲಕ್ಕನಿಗೆ ಒಂದೇ ಯೋಚನೆ: ಹಿಟ್ಟು ಎಲ್ಲಿ ಬೀಸಿಸಿದಿರಿ ಎಂದು ಅವರು ಕೇಳಿದರೆ ಏನು ಹೇಳುವುದು? ಫಕೀರಪ್ಪ ಎಂದರೆ ಮಾನ ಹೋಗುತ್ತದೆ, ಮಡಿವಾಳಪ್ಪ ಎಂದರೆ ಸುಳ್ಳಾಗುತ್ತದೆ. ಬೀಗಿತ್ತಿ ನಾಲ್ಕು ಹೋಳಿಗೆ ಮುಗಿಸಿದಳು, ಕೇಳಲಿಲ್ಲ. ಬೀಗರು ಆರು ಮುಗಿಸಿ ತುಪ್ಪ ಕೇಳಿದರು, ಗಿರಣಿ ಕೇಳಲಿಲ್ಲ. ಕೈತೊಳೆಯಲು ಏಳುವ ಹೊತ್ತಿಗೆ ನೀಲಕ್ಕನೇ ತಡೆಯಲಾರದೆ, "ಹಿಟ್ಟು ಹೆಂಗ ಅನಸ್ತರೀ?" ಎಂದಳು.

"ಹಿಟ್ಟೇನ್ರೀ, ಎಲ್ಲಾ ಒಂದ," ಎಂದಳು ಬೀಗಿತ್ತಿ. "ನಾವು ಪಾಕೀಟಿಂದ ತರ್ತೇವಿ. ಗಿರಣಿಗಿ ಹೋಗಿ ಯಾರ ನಿಂದರ್ತಾರ್ರೀ ಈಗ?"

ಬೀಗರ ಕಾರು ಓಣಿ ದಾಟಿದ್ದೇ ತಡ, ನೀಲಕ್ಕ ತಟ್ಟೆಯಲ್ಲಿ ಎರಡು ಹೋಳಿಗೆ ಇಟ್ಟುಕೊಂಡು ರಸ್ತೆ ದಾಟಿದಳು. ವತ್ಸಲಾಬಾಯಿ ಬಾಗಿಲಲ್ಲೇ ನಿಂತಿದ್ದಳು.

"ಬಾಯಾರ, ಹಿಟ್ಟೆಲ್ಲಾ ಒಂದ ಅಂತರೀ ಅವರಿಗೆ! ಪಾಕೀಟಿಂದ ತಿಂತಾರಂತ!"

"ಅಯ್ಯ ನಮ್ಮವ್ವ!" ವತ್ಸಲಾಬಾಯಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಎಲ್ಲಿ ಬೀಸಿಸಿದ್ದು ಅಂತ ಕೇಳಲೂ ಇಲ್ಲೇನು?"

"ಇಲ್ರೀ."

ವತ್ಸಲಾಬಾಯಿ ತಟ್ಟೆ ತೆಗೆದುಕೊಂಡಳು. "ಒಳಗ ಬರ್ರಿ, ನೀಲಕ್ಕಾ. ಕೂಡ್ರಿ," ಎಂದು ಹೇಳಿ ಚಹಾಕ್ಕೆ ನೀರಿಟ್ಟಳು.