ಮೈದುನನ ಎಲೆ, ನನ್ನ ಸೊಳ್ಳೆಪರದೆ

ಮಾಟವೂ ಅಲ್ಲ, ಮಂತ್ರವೂ ಅಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಕಟ್ಟಡದ ಹಿಂದುಗಡೆ ಮಣ್ಣಿನಲ್ಲಿ ಸಿಕ್ಕಿದ್ದು ನನ್ನ ಸೊಳ್ಳೆಪರದೆ. ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯ ಜನ ಏನು ಬೇಕಾದರೂ ಹೇಳಿಕೊಳ್ಳಲಿ!

ಅದನ್ನು ಕತ್ತರಿಸಿದ ಮಹಾನುಭಾವ ನನ್ನ ಮೈದುನ. ನಲವತ್ತು ವರ್ಷ ಉಡುಪಿ ಹೋಟೆಲಿನಲ್ಲಿ ಬಡಿಸಿ, ಈಗ ನಮ್ಮನೆಯಲ್ಲೇ ಇದ್ದಾನೆ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಎಲೆಯ ಹುಚ್ಚಿದೆ. ರಿಟೈರಾದವರು ದೇವಸ್ಥಾನಕ್ಕೆ ಹೋಗುತ್ತಾರೆ. ಇವನು ಬದಲಾಪುರದ ಕಾಡಿಗೆ! ಬರುವಾಗ ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಎರಡು ಗೋಣಿ ತರಗೆಲೆ. ಒಮ್ಮೆ ಮೀನಿನವಳು ಇಣುಕಿ ನೋಡಿ ಕೇಳಿದಳಂತೆ: "ಕಾಕಾ, ಡೊಂಬಿವಲೀತ್ ಕಚರಾ ಕಮೀ ಆಹೆ ಕಾ?" ನಮ್ಮೂರಲ್ಲಿ ಕಸಕ್ಕೆ ಬರವೇ ಅಂತ. ನ್ಯಾಯವಾದ ಪ್ರಶ್ನೆ.

ಎಲ್ಲ ಎಲೆ ಒಂದೇ ಅಲ್ಲವಂತೆ. ಹೊಂಗೆ ಎಲೆಯಲ್ಲಿ ಸಾರಜನಕ ಹೆಚ್ಚು, ಬೇಗ ಕೊಳೆತು ಮಣ್ಣಿಗೆ ಬಲ ಕೊಡುತ್ತದಂತೆ. ತೇಗದ್ದು ಹಪ್ಪಳದ ಹಾಗೆ ಬಿದ್ದೇ ಇರುತ್ತದಂತೆ.

"ಸಾರಜನಕ ಅಂದರೆ ಎಂಥದು ಮಾರಾಯ?" ನಾನು ಓದಿದ್ದು ಮೂರನೇ ಕ್ಲಾಸು.

"ಸಾಂಬಾರಿಗೆ ಬೇಳೆ ಇದ್ದ ಹಾಗೆ ಅತ್ತಿಗೆ."

"ಹಾಗಾದರೆ ತೇಗದ ಎಲೆ ನಿನ್ನ ಹೋಟೆಲಿನ ಸಾಂಬಾರು ಅನ್ನು!"

ಎರಡು ದಿನ ಅವನು ನನ್ನ ಸಾಂಬಾರು ಮುಟ್ಟಲಿಲ್ಲ.

ಕಟ್ಟಡದ ಹಿಂದಿನ ಆ ಜಾಗದಲ್ಲಿ ಹುಲ್ಲೂ ಹುಟ್ಟುವುದಿಲ್ಲ. ಸಿಮೆಂಟಿನ ಪೇವರ್ ಬ್ಲಾಕ್ ಹಾಕಿ ಬೈಕು ನಿಲ್ಲಿಸಬೇಕೆಂದು ಸೊಸೈಟಿಯ ಹಠ. "ಒಂದು ಮಳೆಗಾಲ ಬಿಡಿ, ಮಣ್ಣು ಬದುಕಿಸಿ ತೋರಿಸುತ್ತೇನೆ" ಎಂದು ಇವನ ಹಠ. ಸೊಸೈಟಿಯವರು ಹೂಂ ಅಂದರು. ಇವನು ನನ್ನ ಪರದೆಯ ಅರ್ಧ ಕತ್ತರಿಸಿ, ಪುಟ್ಟ ಚೀಲ ಹೊಲಿದು, ಯಾವುದು ಬೇಗ ಕೊಳೆಯುತ್ತದೆಂದು ನೋಡಲು ಒಂದೊಂದರಲ್ಲಿ ಒಂದೊಂದು ಜಾತಿಯ ಎಲೆ ತುಂಬಿ, ಗುರುತಿಗೆ ಕೆಂಪು ದಾರ ಕಟ್ಟಿ ಹೂತ. ಕೆಂಪು! ಬೇರೆ ಬಣ್ಣ ಸಿಗಲಿಲ್ಲವೇ ಪುಣ್ಯಾತ್ಮನಿಗೆ?

ಗಣಪತಿ ಮುಗಿದ ಮೇಲೆ ಬ್ಲಾಕ್ ಹಾಕುವವನು ಅಳತೆಗೆ ಬಂದ. ಗುದ್ದಲಿಗೆ ಒಂದು ಚೀಲ ಸಿಕ್ಕಿತು. ಮಾಟ ಮಾಟ ಎಂದು ಕೂಗುತ್ತಾ ಓಡಿದ. ಅರ್ಧ ಗಂಟೆಯಲ್ಲಿ ಇಡೀ ಸೊಸೈಟಿ ಕೆಳಗೆ, ನಾಲ್ಕು ಜನರ ಕೈಯಲ್ಲಿ ಲಿಂಬೆಹಣ್ಣು! ಎಲ್ಲ ಕಿತ್ತು ಹಾಕಿ, ನಾಳೆಯೇ ಬ್ಲಾಕ್ ಎಂದಳು ಸೆಕ್ರೆಟರಿ.

ನಾನೇ ಮುಂದೆ ಹೋಗಿ ಚೀಲಗಳನ್ನು ಒಂದೊಂದಾಗಿ ಕಿತ್ತು ಹರಿದೆ. ತೇಗದ ಎಲೆ ಹೆಚ್ಚುಕಡಿಮೆ ಹಾಗೇ ಇತ್ತು. ಮೈದುನ ತೋರಿಸಿದ ಹೊಂಗೆಯ ಚೀಲದಲ್ಲಿ ಎಲೆಯೇ ಇಲ್ಲ, ನಾಲ್ಕು ನಾರು ಅಷ್ಟೆ. ಸುತ್ತಲ ಮಣ್ಣು ಕಪ್ಪಗಿತ್ತು, ಅದರಲ್ಲೊಂದು ಎರೆಹುಳು.

ಮೈದುನ ಕೈಮುಗಿದು ನಿಂತಿದ್ದ. "ನಲವತ್ತು ವರ್ಷ ಕಂಡಕಂಡವರ ಎಲೆಗೆ ಬಡಿಸಿದೆ. ಈ ಮಣ್ಣಿಗೆ ಯಾರೂ ಏನೂ ಬಡಿಸಿಲ್ಲ ಅತ್ತಿಗೆ. ಹಸಿದಿದೆ."

ಸೆಕ್ರೆಟರಿಗೆ ಕನ್ನಡ ಬಾರದು. ನಾನೇ ಮರಾಠಿಯಲ್ಲಿ ಹೇಳಬೇಕಾಯಿತು. ಹೇಳುತ್ತಾ ಎರೆಹುಳು ಇದ್ದ ಮಣ್ಣನ್ನು ಬೊಗಸೆಯಲ್ಲಿ ಅವಳ ಮುಂದೆ ಹಿಡಿದೆ. ಅವಳು ಬಗ್ಗಿ ಎರೆಹುಳು ನೋಡಿದಳು. ಇನ್ನೊಂದು ಮಳೆಗಾಲ ಕೊಟ್ಟಳು.

ಮರುದಿನ ಬೆಳಿಗ್ಗೆ ಎದ್ದು ಪರದೆಯ ಉಳಿದರ್ಧವನ್ನು ನಾನೇ ಕತ್ತರಿಸಿದೆ. ದಾರ ಮಾತ್ರ ಹಸಿರು.