ತಮಗೆ ಸಿಕ್ಕಿದ ಕಿತ್ತಳೆ ಬಣ್ಣದ ಡಿಸ್ಕಿನ ಕುರಿತು

ಕೆರೆಯಂಚಿನ ಡಿಸ್ಕ್ ಗಾಲ್ಫ್ ಮೈದಾನದಲ್ಲಿ, ಹನ್ನೊಂದನೇ ಬುಟ್ಟಿಯ ಹಿಂದಿನ ಪೊದೆಯೊಳಗೆ ಮುಳ್ಳನ್ನೂ ಲೆಕ್ಕಿಸದೆ ಕೈಹಾಕಿ, ನಾನು ಕಳೆದುಕೊಂಡಿದ್ದ ಡಿಸ್ಕನ್ನು ಹೊರತೆಗೆದ ನಿವೃತ್ತ ಪೋಸ್ಟ್‌ಮ್ಯಾನ್ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಮನೆಮಂದಿಯೂ ಕ್ಷೇಮವೆಂದೂ, ಪೊದೆಯಲ್ಲಿ ತರಚಿದ ತಮ್ಮ ಮುಂಗೈ ಈಗ ವಾಸಿಯಾಗಿದೆಯೆಂದೂ ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಇದನ್ನು ನೇರವಾಗಿ ತಮ್ಮ ಮನೆಗೇ ಕಳಿಸುವುದು ಮರ್ಯಾದೆ ಎಂಬುದು ನನಗೂ ಗೊತ್ತು. ಆದರೆ ತಮ್ಮ ವಿಳಾಸವಿರುವುದು ನನ್ನ ಹೆಂಡತಿಯ ಬಳಿ, ಆಕೆ ಅದನ್ನು ಏನು ಮಾಡಿದರೂ ಕೊಡುತ್ತಿಲ್ಲ. ಹೀಗಾಗಿ ಪತ್ರಿಕೆಯಲ್ಲಿ ಊರಿಗೆಲ್ಲ ಕಾಣುವಂತೆ ಬರೆಯಬೇಕಾಗಿದೆ, ಮನ್ನಿಸಬೇಕು.

ನಾನು ತೂಕದ ಯಂತ್ರಗಳನ್ನು ಸರಿಪಡಿಸುವವನು. ಆಸ್ಪತ್ರೆಯಲ್ಲೋ, ಔಷಧಿ ಅಂಗಡಿಯಲ್ಲೋ, ಪ್ರಯೋಗಾಲಯದಲ್ಲೋ ತಕ್ಕಡಿ ಸುಳ್ಳು ಹೇಳಲು ಶುರುಮಾಡಿದರೆ ಕಂಪನಿ ನನ್ನನ್ನು ಅಟ್ಟುತ್ತದೆ; ನಾನು ಪೆಟ್ಟಿಗೆಯಿಂದ ಹಿತ್ತಾಳೆಯ ಬಟ್ಟುಗಳನ್ನು ತೆಗೆದು ಒಂದೊಂದಾಗಿ ಅದರ ಮೇಲಿಟ್ಟು, ಅದರ ಬಾಯಿಂದ ನಿಜ ಹೇಳಿಸಿ ಬರುತ್ತೇನೆ. ಈ ಕೆಲಸ ಎಂಥ ಊರಿನಲ್ಲೂ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಉಳಿದ ಹೊತ್ತನ್ನು, ಜೊತೆಗೆ ಮರುದಿನವನ್ನೂ, ನಾನು ಡಿಸ್ಕ್ ಗಾಲ್ಫಿಗೆ ಮೀಸಲಿಟ್ಟಿದ್ದೆ. ಆಟದ ಪರಿಚಯವಿಲ್ಲದ ಓದುಗರಿಗೆ ಹೇಳುವುದಾದರೆ, ಊಟದ ತಟ್ಟೆಗಿಂತ ಚಿಕ್ಕದಾದ ಪ್ಲಾಸ್ಟಿಕ್ ಡಿಸ್ಕನ್ನು ಮರಗಳ ನಡುವೆ ಎಸೆಯುತ್ತ ಹೋಗಿ, ಕಂಬಕ್ಕೆ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಯೊಳಗೆ ಬೀಳಿಸಬೇಕು. ಇಂಥ ಹದಿನೆಂಟು ಬುಟ್ಟಿಗಳನ್ನು ಯಾರು ಕಡಿಮೆ ಎಸೆತಗಳಲ್ಲಿ ಮುಗಿಸುತ್ತಾರೋ ಅವರು ಗೆದ್ದ ಹಾಗೆ. ನಾನು ಯಾವಾಗಲೂ ಒಬ್ಬನೇ ಆಡುತ್ತಿದ್ದುದರಿಂದ ಒಮ್ಮೆಯೂ ಸೋತವನಲ್ಲ.

ಗೊತ್ತಿಲ್ಲದ ಊರಿನಲ್ಲಿ ಒಳ್ಳೆಯ ಮೈದಾನ ಹುಡುಕುವ ಕಷ್ಟ ತಮ್ಮಂಥ ಸ್ಥಳೀಯರಿಗೆ ಹೇಗೆ ತಿಳಿಯಬೇಕು? ಫೋನಿನ ಆ್ಯಪ್ ಐದು ನಕ್ಷತ್ರ ಕೊಟ್ಟ ಮೈದಾನಕ್ಕೆ ಎರಡು ಬಸ್ಸು ಬದಲಿಸಿ ಹೋದರೆ ಅಲ್ಲಿ ನಾಲ್ಕೇ ಬುಟ್ಟಿ, ನಾಲ್ಕರಲ್ಲೂ ಕಸ. ಟೀ ಅಂಗಡಿಯಲ್ಲಿ “ಇಲ್ಲಿ ಸರಪಳಿ ಹಾಕಿರೋ ಬುಟ್ಟಿಗಳು ಎಲ್ಲಿವೆ?” ಎಂದು ಕೇಳಿದ್ದಕ್ಕೆ ಒಬ್ಬರು ನನ್ನನ್ನು ಸೈಕಲ್ ಅಂಗಡಿಗೆ ಕಳಿಸಿದರು, ಇನ್ನೊಬ್ಬರು ಕೋಳಿ ಮಾರುವವರ ಮನೆಯ ಹಿತ್ತಿಲಿಗೆ. ಹೀಗೆ ಆರು ವರ್ಷ ಅಲೆದ ಮೇಲೆ ತಮ್ಮ ಕೆರೆಯಂಚಿನ ಮೈದಾನ ಕಣ್ಣಿಗೆ ಬಿತ್ತು. ಅದರ ಮೂರನೇ ಬುಟ್ಟಿಯ ದಿಬ್ಬ ಹತ್ತಿ, ಕೆಳಗೆ ನೀರು, ನೀರಿನಾಚೆ ಇಡೀ ಊರಿನ ಹೆಂಚು ಕಂಡಾಗ ಬ್ಯಾಗನ್ನು ಹೆಗಲಿನಿಂದ ಇಳಿಸಿಬಿಟ್ಟೆ. ಡಿಸ್ಕ್ ಎಸೆಯುವುದನ್ನೇ ಮರೆತು ಸುಮಾರು ಹೊತ್ತು ನಿಂತಿದ್ದೆ.

ಈಗ ದೂರಿನ ಮೂಲಕ್ಕೆ ಬರುತ್ತೇನೆ. ನನ್ನ ಹೆಂಡತಿ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ, ಮಂಗಳವಾರ ಆಕೆಗೆ ರಜ. ನಾನು ತಮ್ಮ ಊರಿಗೆ ಹೊರಟಾಗಲೆಲ್ಲ, ಅಂದರೆ ಒಟ್ಟು ಮೂರು ಸಲ, “ರೀ, ಹೇಗೂ ಮಂಗಳವಾರ ರಜ, ಇನ್ನೊಂದಿನ ಸೇರಿಸ್ಕೊಂಡು ನಾನೂ ಬರ್ಲಾ?” ಎಂದು ಕೇಳಿದ್ದಳು. ಮೂರು ಸಲವೂ ನಾನು, “ಅಲ್ಲೇನಿದೆ ಅಂತ ಬರ್ತೀಯ? ಬರೀ ಧೂಳು,” ಎಂದು ಬ್ಯಾಗು ಹೆಗಲಿಗೇರಿಸಿದ್ದೆ. ಆಕೆ ಬಂದರೆ ಎರಡು ದಿನದ ಕೆಲಸ ಅರ್ಧ ದಿನದ್ದೆಂದು ಬಯಲಾಗುತ್ತಿತ್ತಲ್ಲ, ಅದಕ್ಕೆ.

ಈ ಆಟದಲ್ಲಿ ಒಂದು ಪದ್ಧತಿಯಿದೆ: ಡಿಸ್ಕಿನ ಬೆನ್ನಿಗೆ ಅದರ ಒಡೆಯನ ಫೋನ್ ನಂಬರ್ ಬರೆದಿರಬೇಕು, ಕಳೆದುಹೋದರೆ ಸಿಕ್ಕವರು ಫೋನ್ ಮಾಡಲೆಂದು. ನಾನೂ ಬರೆದಿದ್ದೆ. ಸೂಕ್ಷ್ಮ ತಕ್ಕಡಿಯ ಮುಂದೆ ಕೂತಾಗ ಜೇಬಿನ ಫೋನ್ ಗುರುಗುಟ್ಟಿದರೆ ಮುಳ್ಳು ಅಲ್ಲಾಡುತ್ತದೆಂದು ನನ್ನ ನಂಬರಿನ ಬದಲು ಮನೆಯ ನಂಬರ್ ಹಾಕಿದ್ದೆ. ಇದು ಪೆದ್ದತನವೆಂದು ತಾವು ನಗಬಹುದು. ಆದರೆ ಮಾನ್ಯರೇ, ಆರು ವರ್ಷದಲ್ಲಿ ಹನ್ನೊಂದು ಡಿಸ್ಕ್ ಕಳೆದಿದ್ದೇನೆ, ಒಬ್ಬರಾದರೂ ಫೋನ್ ಮಾಡಿದವರಿಲ್ಲ. ಜನರ ಮೇಲೆ ನನಗೆ ಅಷ್ಟು ಭರವಸೆಯಿತ್ತು. ಆ ಭರವಸೆಯನ್ನು ಮುರಿದವರು ತಾವೊಬ್ಬರೇ.

ಆ ಮಂಗಳವಾರ ಬೆಳಗ್ಗೆ ತಾವು ಪೊದೆಯಲ್ಲಿ ಡಿಸ್ಕನ್ನು ಕಂಡಾಗ ನಾನು ಅಲ್ಲೇ ಕೂಗಳತೆಯಲ್ಲಿ, ಹದಿಮೂರನೇ ಬುಟ್ಟಿಯ ಹತ್ತಿರ ಇನ್ನೊಂದು ಡಿಸ್ಕ್ ಎಸೆಯುತ್ತಿದ್ದೆ. “ಯಾರದ್ದಪ್ಪ ಇದು?” ಎಂದು ತಾವು ಒಂದು ಕೂಗು ಹಾಕಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮೂವತ್ತೆಂಟು ವರ್ಷ ಮನೆಮನೆಗೆ ಕಾಗದ ಮುಟ್ಟಿಸಿದವರು, ಗುರುತು ಬರೆದಿರುವ ವಸ್ತುವನ್ನು ಬಯಲಲ್ಲಿ ಕೂಗಿ ಕೊಡುವುದುಂಟೇ! ತಾವು ಅದನ್ನು ಮನೆಗೆ ಒಯ್ದಿರಿ, ತೊಳೆದಿರಿ, ಒರೆಸಿದಿರಿ, ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ಓದಿ ನನ್ನ ಮನೆಗೆ ಫೋನ್ ಮಾಡಿದಿರಿ. ಡಿಸ್ಕ್ ಸಿಕ್ಕಿದೆ ಎಂದಷ್ಟೇ ಹೇಳಿ ಇಟ್ಟುಬಿಡಬಹುದಾಗಿದ್ದ ಫೋನನ್ನು ನಲವತ್ತು ನಿಮಿಷ ಇಡದೆ, ಕೆರೆಯನ್ನೂ ದಿಬ್ಬವನ್ನೂ ಮರಗಳ ತಂಪನ್ನೂ ಸಂಜೆ ನೀರಿಗಿಳಿಯುವ ಹಕ್ಕಿಗಳನ್ನೂ ಕಣ್ಣಿಗೆ ಕಟ್ಟುವಂತೆ ವರ್ಣಿಸಿ, ಆಕೆ ಹೇಳಿದ ಚಹರೆಯಿಂದ ನನ್ನನ್ನು ಗುರುತಿಸಿ, “ನಿಮ್ಮ ಯಜಮಾನರು ಇಲ್ಲಿಗೆ ಮೂರು ಸಲ ಬಂದಿದ್ರಲ್ಲಮ್ಮ, ದಿಬ್ಬದ ಮೇಲೆ ನಿಂತ್ಕೊಂಡು ನೋಡ್ತಾನೇ ಇರ್ತಾರೆ. ನಿಮಗೆ ಎಲ್ಲಾ ಹೇಳಿರ್ಬೇಕು,” ಎಂದೂ ಸೇರಿಸಿದಿರಂತೆ.

ಇದ್ಯಾವುದೂ ತಿಳಿಯದ ನಾನು ಅಂದು ಸಂಜೆ ಮನೆಗೆ ಬಂದು, ಶೂ ಬಿಚ್ಚುತ್ತ, “ಅಯ್ಯೋ ಏನು ಬಿಸಿಲು, ಕೂತ್ಕೊಳ್ಳೋಕೆ ಒಂದು ನೆರಳಿಲ್ಲ ಆ ಊರಲ್ಲಿ,” ಎಂದೆ. ಆಕೆ ಪುಸ್ತಕದಿಂದ ತಲೆಯೆತ್ತದೆ, “ಹೌದಾ? ಕೆರೆ ಕಡೆ ಚೆನ್ನಾಗಿ ನೆರಳಿತ್ತಂತಲ್ಲ,” ಎಂದಳು. ನಾನು ಬಿಚ್ಚಿದ ಶೂವನ್ನು ಮತ್ತೆ ಹಾಕಿಕೊಂಡೆ, ಎಲ್ಲಿಗೆ ಹೋಗಲೆಂದು ನನಗೇ ಗೊತ್ತಿರಲಿಲ್ಲ.

ಇಷ್ಟಕ್ಕೇ ತಾವು ಕೈಬಿಟ್ಟಿದ್ದರೆ ನಾನು ಹೇಗೋ ನಿಭಾಯಿಸಿಕೊಳ್ಳುತ್ತಿದ್ದೆ. ನಾಲ್ಕನೇ ದಿನಕ್ಕೆ ತಮ್ಮ ಪಾರ್ಸೆಲ್ ಬಂತು. ಡಿಸ್ಕಿನ ಜೊತೆಗೆ, ಆಕೆಯ ಹೆಸರಿಗೇ, ತಮ್ಮ ದುಂಡನೆಯ ಅಕ್ಷರದಲ್ಲಿ ಎರಡು ಹಾಳೆ: ಸುತ್ತಮುತ್ತಲ ಊರುಗಳ ಏಳು ಮೈದಾನಗಳು, ಯಾವುದಕ್ಕೆ ಯಾವ ಬಸ್ಸು, ಎಲ್ಲಿ ನೆರಳು, ಎಲ್ಲಿ ಶೌಚಾಲಯ ಚೊಕ್ಕಟ, ಎಲ್ಲಿ ಹೊಸಬರಿಗೆ ಕೈ ಹಿಡಿದು ಕಲಿಸುವವರಿದ್ದಾರೆ. ಆರು ವರ್ಷ ಕೋಳಿಯ ಹಿತ್ತಿಲುಗಳಲ್ಲಿ ನಾನು ಹುಡುಕಿದ್ದೆಲ್ಲ ಆ ಎರಡು ಹಾಳೆಗಳಲ್ಲಿತ್ತು. ಎಲ್ಲಕ್ಕಿಂತ ಚೆಂದದ್ದೆಂದು ತಾವು ಅಡಿಗೆರೆ ಎಳೆದ ಮೈದಾನವಂತೂ, ನಾನು ಒಂಬತ್ತು ಸಲ ತಕ್ಕಡಿ ಸರಿಮಾಡಿದ ಆಸ್ಪತ್ರೆಯ ಹಿಂಗೋಡೆಯ ಆಚೆಗೇ ಇದೆ!

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಕೋರಿಕೆಗಳು. ಇನ್ನು ಮುಂದೆ ಪೊದೆಯಲ್ಲಿ ಏನೇ ಸಿಕ್ಕರೂ ಸಭ್ಯರೆಲ್ಲ ಮಾಡುವಂತೆ ಅತ್ತಿತ್ತ ನೋಡಿ ಚೀಲಕ್ಕೆ ಹಾಕಿಕೊಳ್ಳುವುದು. ನನ್ನ ಹೆಂಡತಿಗೆ ಮತ್ತೊಮ್ಮೆ ಫೋನ್ ಮಾಡಿ, ಕೆರೆ ಬತ್ತಿತೆಂದೂ ದಿಬ್ಬ ಕುಸಿಯಿತೆಂದೂ ಹಕ್ಕಿಗಳು ವರ್ಗವಾಗಿ ಹೋದವೆಂದೂ ತಿಳಿಸುವುದು. ಅಷ್ಟು ಸುಳ್ಳು ಒಟ್ಟಿಗೆ ಬಾಯಿಗೆ ಬರದಿದ್ದರೆ ಕೊನೆಗೆ ಸ್ವಲ್ಪ ಧೂಳನ್ನಾದರೂ ಒಪ್ಪಿಕೊಳ್ಳುವುದು.

ಇದಕ್ಕೆಲ್ಲ ಹೊತ್ತು ಮೀರಿದೆ ಎಂಬುದೂ ನನಗೆ ಗೊತ್ತು. ಇಂದು ಬೆಳಗ್ಗೆ ಆಕೆ ತನ್ನ ತಂಗಿಯ ಜೊತೆ ತಮ್ಮ ಕೆರೆಯಂಚಿಗೆ ಹೊರಟುಹೋದಳು, ಎರಡು ದಿನಕ್ಕೆ, ನನ್ನ ಕಿತ್ತಳೆ ಡಿಸ್ಕನ್ನೂ ತಮ್ಮ ಎರಡು ಹಾಳೆಗಳನ್ನೂ ಚೀಲದಲ್ಲಿಟ್ಟುಕೊಂಡು. “ನಾನೂ ಬರ್ಲಾ?” ಎಂದು ಬಾಗಿಲಲ್ಲಿ ನಿಂತು ಕೇಳಿದೆ. “ಅಲ್ಲೇನಿದೆ ಅಂತ ಬರ್ತೀರ? ಬರೀ ಧೂಳು,” ಎಂದಳು. ಸಿಟ್ಟಿನಿಂದ ಹೇಳಿದ್ದರೆ ಸಮಾಧಾನವಾಗುತ್ತಿತ್ತು, ಆಕೆ ನಗುತ್ತಲೇ ಹೇಳಿದಳು.

ಈಗ ಮನೆಯಲ್ಲಿ ನಾನೊಬ್ಬನೇ ಕೂತಿದ್ದೇನೆ, ನಾಚಿಕೆಯಾಗುತ್ತಿದೆ. ತಮ್ಮ ಮೇಲೆ ನನಗಿರುವ ನಿಜವಾದ ದೂರು ಒಂದೇ, ಮಾನ್ಯರೇ. ಆ ದಿಬ್ಬದ ಮೇಲಿನಿಂದ ಕಾಣುವುದನ್ನು ಅವಳಿಗೆ ನಾನು ಹೇಳಬೇಕಾಗಿತ್ತು. ಮೂರು ಸಲ ಅವಕಾಶವಿತ್ತು, ಹೇಳಲಿಲ್ಲ. ತಾವು ಹೇಳಿಬಿಟ್ಟಿರಿ.

ಇಂತಿ, ತಮ್ಮ ಪ್ರಾಮಾಣಿಕತೆಯಿಂದ ಚೇತರಿಸಿಕೊಳ್ಳುತ್ತಿರುವ
ತಮ್ಮ ವಿಶ್ವಾಸಿ,
ತಕ್ಕಡಿ ರಿಪೇರಿಯವನು

ಮರೆತ ಮಾತು: ಹೊರಡುವ ಮುಂಚೆ ಆಕೆ ಡಿಸ್ಕಿನ ಬೆನ್ನಿನ ಮನೆಯ ನಂಬರ್ ಉಜ್ಜಿ ಅಳಿಸಿ, ಪುಸ್ತಕಗಳಿಗೆ ಅಂಕಿ ಹಾಕುವ ಅಕ್ಷರದಲ್ಲಿ ನನ್ನ ಮೊಬೈಲ್ ನಂಬರ್ ಬರೆದಳು. ಯಾಕೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಫೋನನ್ನು ಬೆಳಗಿನಿಂದ ಕೈಯಲ್ಲೇ ಹಿಡಿದಿದ್ದೇನೆ. ಆಕೆಯ ಕೈಗುರಿ ನೆಟ್ಟಗಿದೆ, ಡಿಸ್ಕ್ ಕಳೆಯುವುದು ಅನುಮಾನ. ಆದ್ದರಿಂದ ತಾವು ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳುವುದಾದರೆ, ಸಿಗದಿದ್ದರೂ ಸಿಕ್ಕಿತೆಂದು ನನಗೊಂದು ಫೋನ್ ಮಾಡಿ. ಪಾರ್ಸೆಲ್ ಬೇಡ. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.