ಎರಡು ಮನೆಗೆ ಕೊಟ್ಟ ಹುಡುಗಿ

ಗಂಡ-ಹೆಂಡಿರ ಮೊಕದ್ದಮೆಗಳಲ್ಲಿ ರಾಜಿ ಮಾಡಿಸುವ ವಕೀಲೆ ನಾನು, ಹಾಸನದಲ್ಲಿ. ದೊಡ್ಡವರು ಏನೇ ಹೇಳಿದರೂ ಈಗ ನನಗೆ ಆಶ್ಚರ್ಯವಾಗುವುದಿಲ್ಲ. ಆದರೆ ಅವರ ಮಕ್ಕಳು ಬಾಯಿ ಬಿಟ್ಟ ದಿನ ದಂಗಾಗಿ ಕೂರುವುದು ಮಾತ್ರ ತಪ್ಪಿಲ್ಲ. ಹೋದ ವರ್ಷ ಒಬ್ಬಳೇ ಹುಡುಗಿ ಮೂರು ಸಲ ಹಾಗೆ ಕೂರಿಸಿದಳು.

೧. ಉತ್ತರ ಕೊಟ್ಟವರು

ಅಪ್ಪನಿಗೆ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ. ಅಮ್ಮ ಅರಕಲಗೂಡಿನಲ್ಲಿ ಟೀಚರ್. ಹದಿನೈದರ ಮಗಳು ಎಂಟು ತಿಂಗಳಿಂದ ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ. ಎರಡೂ ಕಡೆಯಿಂದ ಬಸ್ಸಿನಲ್ಲಿ ಹಾಸನದ ಸ್ಕೂಲಿಗೆ. ಎಸ್ಸೆಸ್ಸೆಲ್ಸಿ ಬೇರೆ. ಇನ್ನು ಯಾರ ಹತ್ತಿರ ಇರಬೇಕು ಅನ್ನುವುದೇ ತಕರಾರು.

"ನಿನಗೆ ಎಲ್ಲಿ ಇಷ್ಟಮ್ಮಾ?" ಎಂದೆ.

"ನನ್ ತಾವ" ಅಂದ ಅಪ್ಪ. "ನನ್ನ ಜೊತೆ ಮೇಡಂ" ಅಂದಳು ಅಮ್ಮ. ಹೊಳೆನರಸೀಪುರದಿಂದ ಬಂದಿದ್ದ ಅಪ್ಪನ ತಾಯಿ, "ಅದ್ಕೇನ್ ಗೊತ್ತಾಯ್ತದೆ, ಇನ್ನೂ ಕೂಸು" ಅಂದರು. ಮೂವರನ್ನೂ ಆಚೆ ಕಳಿಸಿದೆ.

ಆಗ ಹುಡುಗಿ ಹೇಳಿದಳು: "ನಮ್ ದೊಡ್ಡಪ್ಪನ ಮಗಳ ಮದ್ವೆಗೆ ಮುಂಚೆ ಹತ್ತು ಜನ ಹೋಗಿ ಗಂಡಿನ ಮನೆ ನೋಡ್ಕಂಡ್ ಬಂದ್ರು ಮೇಡಂ. ನನ್ನ ಎರಡು ಮನೆಗೆ ಕೊಟ್ಬುಟ್ಟವ್ರೆ, ಒಬ್ರೂ ಹೋಗಿ ನೋಡಿಲ್ಲ!"

೨. ಮನೆ ನೋಡುವ ಶಾಸ್ತ್ರ

ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡ ಅಜ್ಜಿಗೆ ಈ ಮಾತು ನಾಟಿತು. ಮುಂದಿನ ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ತಾವೇ ಹೊರಟರು. ನಡೆದದ್ದನ್ನು ಆಮೇಲೆ ಹುಡುಗಿಯೇ ನನಗೆ ಹೇಳಿದ್ದು.

ಅರಕಲಗೂಡಿನಲ್ಲಿ ಸೊಸೆ ಗಾಬರಿಯಲ್ಲಿ ಉಪ್ಪಿಟ್ಟು, ಕೇಸರಿಬಾತ್ ಮಾಡಿಟ್ಟಿದ್ದಳು. ಅಜ್ಜಿ ಎರಡು ಸಲ ಹಾಕಿಸಿಕೊಂಡು ತಿಂದು, ಹುಡುಗಿ ಓದೋಕೆ ಜಾಗವಿಲ್ಲ ಎಂದು ಎದ್ದರು. ಚನ್ನರಾಯಪಟ್ಟಣದಲ್ಲಿ ಹಾಲ್ ತುಂಬ ಕಾಯಿ ಮೂಟೆ, ಬಚ್ಚಲಿಗೆ ಚಿಲಕವೇ ಇಲ್ಲ. ಊರಿನ ಎಷ್ಟೋ ಹೆಣ್ಣುಮಕ್ಕಳಿಗೆ ಮನೆ ನೋಡಿ ಬಂದ ಅಭ್ಯಾಸ. ಇದು ಯಾರ ಮನೆ ಎಂಬುದನ್ನೇ ಅಜ್ಜಿ ಮರೆತರು.

"ಇಂಥ ಮನೆಗೆ ನಮ್ ಎಣ್ ಕೊಡಾಕಿಲ್ಲ. ನಡಿಯವ್ವ."

"ಅವ್ವಾ, ನಾನು ಕಣವ್ವ, ನಿನ್ ಮಗ!"

"ಯಾರಾದ್ರೇನ್ಲಾ? ಊರಿಗೋಗಿ ಯೋಳಿ ಕಳುಸ್ತೀವಿ."

೩. ತೀರ್ಮಾನ

ಮತ್ತೆ ಎಲ್ಲರೂ ನನ್ನ ಮುಂದೆ ಕೂತಾಗ ಹುಡುಗಿ, "ಎರಡು ಮನೇನೂ ಬ್ಯಾಡ" ಅಂದಳು. "ಮತ್ತೆ ಎಲ್ಲಿರ್ತೀಯಮ್ಮಾ?" ಎಂದೆ.

"ಮೊದಲು ನಾವೆಲ್ಲ ಇದ್ದ ಹಾಸನದ ಬಾಡಿಗೆ ಮನೆ ಹಂಗೇ ಇದೆ. ಸಾಮಾನು ಯಾರಿಗೆ ಅನ್ನೋ ಜಗಳ ಮುಗೀದೆ ಬೀಗ ಹಾಕವ್ರೆ. ನಾನು ಅಲ್ಲೇ ಇರ್ತೀನಿ. ಇವ್ರೇ ವಾರಕ್ಕೊಬ್ರು ಬಂದ್ ಹೋಗ್ಲಿ."

ಮದುವೆಯಾದ ಮೇಲೆ ಆ ಗಂಡ-ಹೆಂಡಿರು ಒಟ್ಟಿಗೆ ಒಂದೇ ಮಾತು ಆಡಿದ್ದು ಅವತ್ತೇ ಇರಬೇಕು: "ಆಗಲ್ಲ!" ನನ್ನ ವರದಿ ಓದಿದ ನ್ಯಾಯಾಧೀಶರು ಮಾತ್ರ ಒಂದು ತಿಂಗಳು ಮಾಡಿ ನೋಡಿ ಅಂದರು.

ತಿಂಗಳು ತುಂಬುವ ಮೊದಲೇ ಅಮ್ಮ, ಮಗಳ ಜೊತೆ ಅಪ್ಪ ಬ್ಯಾಗ್ ಸಮೇತ ನನ್ನ ಮುಂದೆ ಬಂದು ಕೂತ. "ಬಿ.ಪಿ. ಮಾತ್ರೆ ಚನ್ನರಾಯಪಟ್ಟಣದಲ್ಲಿ, ಕನ್ನಡಕ ಇಲ್ಲಿ. ನನ್ ದಿಂಬು ಯಾವ್ದು ಅನ್ನದೇ ಗೊತ್ತಾಯ್ತಿಲ್ಲ ಮೇಡಂ."

ಅಮ್ಮನೂ ತಲೆಯಾಡಿಸಿದಳು. "ಎಲ್ಲಿದ್ರೂ ನೆಂಟರ ಮನೇಲಿ ಇದ್ದಂಗೆ ಆಗುತ್ತೆ."

"ಇಂಗೆ ಬ್ಯಾಗ್ ಒತ್ಕಂಡ್ ಓಡಾಡ್ಕಂಡು ಮನ್ಸ ಬದುಕಕ್ಕಾಯ್ತದಾ? ನೀವೇ ಯೋಳಿ!" ಅಂದ ಅಪ್ಪ.

ನನಗಿಂತ ಮೊದಲು ಮಗಳೇ ಸಮಾಧಾನ ಹೇಳಿದಳು.

"ಆಯ್ತದೆ ಅಪ್ಪಾಜಿ. ಮೊದಲನೇ ತಿಂಗಳು ಅಳು ಬರುತ್ತೆ. ಆಮೇಲೆ ಅಭ್ಯಾಸ ಆಗ್ಬುಡ್ತದೆ."